ಓಣ್ಯಾಗ ಹೊಸಾ ಹೋಟೆಲ್ ತೆರದದ? ಮೂರು ವಾರ ತಡೀರಿ

ಕಲಬುರಗಿ ಸೇಡಂ ರೋಡ್ ಕಡಿ ಇರೋರಿಗಿ ಗೊತ್ತೇ ಅದ, ಯೂನಿವರ್ಸಿಟಿ ಹುಡುಗ್ರು, ಇಎಸ್‌ಐಸಿ ಆಸ್ಪತ್ರಿಗಿ ಬರೋ ಮಂದಿ ಅಂತ ಗಿರಾಕಿಗೇನ್ ಕಮ್ಮಿ ಇಲ್ಲ, ಹಿಂಗಾಗಿ ಎರಡು ಶಟರ್ ಖಾಲಿ ಆದ್ರ ಸಾಕು, ಅಲ್ಲೊಂದು ಹೊಸಾ ಹೋಟೆಲ್ ಬೋರ್ಡ್ ಏರಿಬಿಡ್ತದ. ಬಾಳೀಕಂಬ, ಬಲೂನು, ಸ್ಪೀಕರ್, ಬಾಗಿಲ್ದಾಗ ನಿಂತು ಕೈಮುಗಿಯೋ ಮಾಲಕ. ಊರಾಗ ಬ್ಯಾರೆ ಕಡಿ ಹೋಟೆಲ್‌ಗಿ ಹೋಗೋದಕ್ಕೂ ನಮ್ಮ ಓಣ್ಯಾಗಿನ ಹೋಟೆಲ್‌ಗಿ ಹೋಗೋದಕ್ಕೂ ಫರಕ್ ಅದ ನೋಡ್ರಿ. ಸೂಪರ್ ಮಾರ್ಕೆಟ್ ಕಡಿ ಉಂಡದ್ದು ಹಿಡಿಸ್ಲಿಲ್ಲ ಅಂದ್ರ ಮತ್ತ ಆ ಕಡಿ ಹಾಯಲ್ಲ, ಮುಗೀತು. ಓಣ್ಯಾಗ ಹಂಗಲ್ಲ, ದಿನಾ ಮುಂಜಾನಿ ಹಾಲು ತರ್ಲಕ್ಕ ಹೋಗ್ಬೇಕಾದ್ರ ಗಲ್ಲೆ ಮ್ಯಾಲ ಕುಂತಾವ "ಏನ್ ಸರ, ಬರ್ಲೇ ಇಲ್ಲ" ಅಂತಾನ.

ನಾ ಈ ತಪ್ಪು ಮಾಡೀನಿ. ಹೆಸ್ರು ಬ್ಯಾಡ, ಹೋದ ವರ್ಷ ನಮ್ಮ ಗಲ್ಲಿ ಮೂಲ್ಯಾಗ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಶುರು ಆಯ್ತು, ಶುರು ಆದ ದಿನಾನೇ ಸಂಜಿಕಿ ಅತ್ತಿ ಮನಿಯವ್ರನ್ನೂ ಕಟಗೊಂಡು ಎಂಟು ಮಂದಿ ಹೋದ್ವಿ. ಬಿರಿಯಾನಿ, ಗೋಬಿ, ನಾನ್, ಪನೀರ್ ಅಂತ ಕಂಡಿದ್ದೆಲ್ಲ ಹೇಳಿದ್ವಿ, ಒಂದ್ ತಾಸ್ ಹತ್ತು ನಿಮಿಷ ಆದ್ಮ್ಯಾಲ ನಾನ್ ಬಂತು ಪಲ್ಯ ಬರ್ಲಿಲ್ಲ, ಪಲ್ಯ ಬರೋದ್ರಾಗ ನಾನ್ ಚಪ್ಪಲಿ ಆಗಿತ್ತು, ಬಿಲ್‌ದಾಗ ಬಾಜು ಟೇಬಲ್‌ದವ್ರ ಸೂಪೂ ಸೇರಿತ್ತು. ಮಾವ ಜೋರಾಗಿ ಮಾತಾಡಿದ್ರು, ಮಾಲಕನೂ ಮಾತಾಡಿದ. ಆಮ್ಯಾಲ ಆರು ತಿಂಗಳು ನಾ ಹಿಂದಿನ ಗಲ್ಲಿಯಿಂದ ಸುತ್ತು ಹೊಡ್ದು ಮನಿಗಿ ಹೋಗ್ತಿದ್ದೆ, ಪೆಟ್ರೋಲ್ ದಂಡ.

ಹಿಂಗಾಗಿ ಈಗ ನಂದೊಂದು ಪದ್ಧತಿ ಅದ. ಮೊದಲ್ನೇ ವಾರ ಒಳಗ ಕಾಲಿಡಬ್ಯಾಡ್ರಿ, ಹೊರಗಿಂದ ನೋಡ್ರಿ ಅಷ್ಟೇ. ಅಡಗಿಮನಿಗಿ ಇನ್ನಾ ಕೈ ಕೂಡಿರಲ್ಲ, ಹುಡುಗ್ರಿಗಿ ಟೇಬಲ್ ನಂಬರ್ ಗೊತ್ತಿರಲ್ಲ, ಉಣ್ಣೋರಾಗ ಅರ್ಧ ಮಂದಿ ಮಾಲಕನ ಬೀಗ್ರು. ಎರಡ್ನೇ ವಾರ ಆಫರ್ ಮಂದಿ. ಮೂರ್ನೇ ವಾರದಾಗ ನಿಜ ಹೊರಗ ಬರ್ತದ, ಯಾಕಂದ್ರ ಓಪನಿಂಗ್‌ಗಂತ ಹೈದರಾಬಾದ್‌ದಿಂದ ಕರಸಿದ ಮಾಸ್ಟರ್ ಅಷ್ಟೊತ್ತಿಗಿ ಹೋಗಿರ್ತಾನ, ಅಂವ ಹೋದ್ಮ್ಯಾಲ ಒಲಿ ಮುಂದ ಯಾರ್ ನಿಂತಾರೋ ಅವ್ರ ಕೈ ಅಡಗೀನೇ ಮುಂದ ನಾವು ವರ್ಷಗಟ್ಲೆ ಉಣ್ಣೋದು.

ಹೋಗೋದಾದ್ರ ಮಂಗಳವಾರನೋ ಬುಧವಾರನೋ ಹೋಗ್ರಿ, ಒಬ್ರೇ ಇಲ್ಲಾ ಇಬ್ರು. ಮಧ್ಯಾಹ್ನ ಹನ್ನೆರಡೂವರಿ ಟೈಮ್ ಭಾಳ ಛಲೋ, ಮಾಡಿದ್ದು ಬಿಸಿ ಇರ್ತದ. ಮೂರು ಗಂಟಿಗಿ ಹೋಗಬ್ಯಾಡ್ರಿ, ನಮ್ಮ ಬ್ಯಾಸಗಿ ಅಂದ್ರ 42–43 ಡಿಗ್ರಿ, ಮುಂಜಾನಿ ಮಾಡಿದ ಚಟ್ನಿ ಆ ಹೊತ್ತಿಗಿ ಹುಳಿ ಬಂದಿರ್ತದ. ಮಾಡಿದ ಅಡಗಿ 5 ಡಿಗ್ರಿಗಿಂತ ತಂಪಿರಬೇಕು ಇಲ್ಲಾ 60ಕ್ಕಿಂತ ಬಿಸಿ ಇರಬೇಕು ಅಂತಾರ, ನಡುವ ಇದ್ದದ್ದರಾಗ ಕ್ರಿಮಿ ಬೆಳೀತಾವ, ನಮ್ಮ ಊರಿನ ಬಿಸಲು ಕರೆಕ್ಟಾಗಿ ಆ ನಡುವಿಂದೇ.

ಒಳಗ ಹೊಕ್ಕ ಕೂಡ್ಲೆ ಗಲ್ಲೆ ಹಿಂದಿನ ಗೋಡಿ ನೋಡ್ರಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಅಂದ್ರ ಆಹಾರ ಸುರಕ್ಷತೆದು, ಹಚ್ಚಿರಬೇಕು, ನಂಬರ್ 14 ಅಂಕಿದು. ಹೊಸಾ ಹೋಟೆಲ್‌ದವ್ರು ಗಣೇಶನ ಫೋಟೋ ಮೊದಲ ಹಚ್ತಾರ, ಲೈಸೆನ್ಸ್ ಆಮ್ಯಾಲ, ಕೇಳಿದ್ರ "ಫ್ರೇಮ್ ಹಾಕ್ಲಕ್ಕ ಕೊಟ್ಟೀವಿ" ಅಂತಾರ. ಆಗ್ಲಿ, ಮುಂದಿನ ಸಲ ಹೋದಾಗ ಮತ್ತ ಕೇಳ್ರಿ. ಕೈ ತೊಳಿಯೋ ಜಾಗಾ ನೋಡ್ರಿ, ಕುಡಿಯೋ ನೀರು ಜಾರ್‌ದ್ದೋ ಬೋರ್‌ದ್ದೋ ಕೇಳ್ರಿ, ಇದಕ್ಕೇನ್ ನಾಚ್ಗಿ ಇಲ್ಲ.

ಈಗ ಆರ್ಡರ್. ಮೆನು ಎಂಟು ಪೇಜ್ ಇರ್ತದ, ಚೈನೀಸ್, ತಂದೂರಿ, ಸೌತ್ ಇಂಡಿಯನ್, ಪಿಜ್ಜಾ, ಎಲ್ಲಾ ಒಂದೇ ಅಡಗಿಮನ್ಯಾಗ. ಮುಚ್ಚಿ ಬಾಜೂಕ ಇಡ್ರಿ. ಎರಡೇ ಐಟಂ ಹೇಳ್ರಿ, ರೊಟ್ಟಿ ಊಟ ಇದ್ರ ರೊಟ್ಟಿ, ಜೊತಿಗಿ ದಾಲ್. ಪನೀರ್ ಬಟರ್ ಮಸಾಲಾ ಯಾರ್ ಬೇಕಾದ್ರೂ ಮಾಡ್ತಾರ, ಕೆಂಪಗ ಗ್ರೇವಿ ಹಾಕಿ ಮ್ಯಾಲ ಕ್ರೀಮ್ ಬಿಟ್ರ ತಪ್ಪು ಮುಚ್ಚಿ ಹೋಗ್ತದ. ಸಾದಾ ಬ್ಯಾಳಿ ಮುಚ್ಚಲ್ಲ. ನಾವು ತೊಗರಿ ಬೆಳಿಯೋ ಮಂದಿ, ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಇದು ಇದೇ ಊರಿಂದು ಅನ್ನೋ ಜಿಐ ಟ್ಯಾಗ್ ಬಂದದ, ಈ ಊರಾಗ ಕುಂತು ನೀರ್‌ನೀರ್ ಬ್ಯಾಳಿ ಹಾಕಿದ್ರ ಮತ್ತೇನ್ ಕೇಳೋದು. ಬ್ಯಾಳಿ ಬೆಂದು ಕೂಡಿರಬೇಕು, ಚಮಚಾ ಎತ್ತಿದ್ರ ಕೆಳಗ ಬ್ಯಾಳಿ ಮ್ಯಾಲ ನೀರು ಬ್ಯಾರೆ ಬ್ಯಾರೆ ನಿಲ್ಲಬಾರದು, ಬೆಳ್ಳೊಳ್ಳಿ ಒಗ್ಗರಣಿ ಈಗ ಕೊಟ್ಟದ್ದೋ ಮುಂಜಾನಿದೋ ವಾಸನಿಗೇ ಗೊತ್ತಾಗ್ತದ.

ರೊಟ್ಟಿ ಬಗ್ಗಿ ಸ್ವಲ್ಪ ಜಾಸ್ತಿ ಹೇಳ್ತೀನಿ ತಪ್ಪು ತಿಳ್ಕೊಬ್ಯಾಡ್ರಿ. ಜೋಳದ ಹಿಟ್ನಾಗ ಗೋಧಿ ಹಂಗ ಜಿಗಿ ಇರಲ್ಲ, ಅದಕ್ಕ ಕುದಿಯೋ ನೀರು ಹಾಕಿ ನಾದ್ತಾರ, ಆವಾಗ ಹಿಟ್ಟು ಹಿಡ್ಕೊಂತದ. ಬಡಿಯೋ ಮುಂದ ಅಂಗೈ ಸಪ್ಪಳ ಪಟ್ ಪಟ್ ಅಂತ ಕೇಳ್ಬೇಕು, ನಾ ಮೊದಲ ಒಳಗಿಂದ ಆ ಸಪ್ಪಳ ಬರ್ತದೇನ್ ಅಂತ ಕಿವಿ ಕೊಡ್ತೀನಿ, ಬಂತಂದ್ರ ಕುಂದ್ರತೀನಿ, ಇಲ್ಲಂದ್ರ ಚಾ ಕುಡ್ದು ಎದ್ದು ಬರ್ತೀನಿ. ರೊಟ್ಟಿ ಟೇಬಲ್‌ಗಿ ಬಂದ್ಮ್ಯಾಲ ಅಂಚು ನೋಡ್ರಿ. ಕೈಯಿಂದ ಬಡ್ದದ್ದು ಅಂಚಿನ್ಯಾಗ ಸ್ವಲ್ಪ ಸೀಳಿರ್ತದ, ಪೂರಾ ದುಂಡಗ ಇರಲ್ಲ, ಹಂಚಿನ ಮ್ಯಾಲ ಉಬ್ಬಿದ್ದಕ್ಕ ಮ್ಯಾಲಿನ ಪದರ ತೆಳ್ಳಗ ಬ್ಯಾರೆ ಎದ್ದಿರ್ತದ, ಹರದ್ರ ಉಗಿ ಹೊರಗ ಬಂದು ಬೆರಳು ಸುಡ್ತದ. ಮಷಿನ್ ರೊಟ್ಟಿ ಅಳತಿ ಇಟ್ಟು ಕೊರದಂಗ ಇರ್ತದ, ಐದು ನಿಮಿಷಕ್ಕ ರಬ್ಬರ್. ಜೊತಿಗಿ ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಕೊಟ್ರೋ ಇಲ್ಲ ಬರೇ ಎಣ್ಣಿ ತೇಲೋ ಬದ್ನಿಕಾಯಿ ಕೊಟ್ರೋ ನೋಡ್ರಿ. ಹಿಂಡಿಗಿ ಮ್ಯಾಲ ಎಣ್ಣಿ ಕೇಳಿದ್ರ ಕೊಡ್ಬೇಕು, ಮಾರಿ ಕಿವಿಚಬಾರದು.

ಮಾಂಸ ತಿನ್ನೋರಿಗಿ ತಹಾರಿ (ಅಕ್ಕಿ ಮಾಂಸ ಕೂಡಿಸಿ ಬೇಯಿಸಿದ್ದು) ಇದ್ದಲ್ಲಿ ಪರೀಕ್ಷಾ ಅದೇ, ಬಿರಿಯಾನಿ ಬ್ಯಾಡ. ಬಿರಿಯಾನಿ ಎಲ್ಲಾ ಊರಾಗ ಸಿಗ್ತದ. ಅನ್ನದ ಕಾಳು ಬಿಡಿ ಬಿಡಿ ಇರಬೇಕು, ತುಣುಕು ಬೆಂದಿರಬೇಕು, ಅಷ್ಟೇ.

ಸಂಜಿ ಮುಂದ ಮಿರ್ಚಿ ಭಜಿ ಹಾಕೋ ಹೋಟೆಲ್ ಆದ್ರ ಕಡಾಯಿ ರೋಡಿಗೇ ಇರ್ತದ, ಅದೊಂದು ಛಲೋ, ಎಣ್ಣಿ ಕಾಣ್ತದ. ಕಪ್ಪಗಾಗಿ ಮ್ಯಾಲ ನೊರಿ ನಿಂತು ಕಣ್ಣು ಉರಿಯೋ ಹೊಗಿ ಬರ್ಲತ್ತಿದ್ರ ಬ್ಯಾಡ ಬಿಡ್ರಿ. ಪದೇ ಪದೇ ಕಾಯಿಸಿದ ಎಣ್ಣ್ಯಾಗ ಪೋಲಾರ್ ಕಾಂಪೌಂಡ್ಸ್ ಅಂತ ಎಣ್ಣಿ ಕೆಟ್ಟು ಹುಟ್ಟೋವು ಕೂಡ್ತಾವ, ಅದು 25 ಪರ್ಸೆಂಟ್ ದಾಟಿದ್ರ ಆ ಎಣ್ಣಿ ಬಳಸಂಗಿಲ್ಲ ಅಂತ 2018ರ ಜುಲೈದಿಂದ ಕಾನೂನೇ ಅದ, ಆದ್ರ ನಮ್ಮ ಕೈಯಾಗ ಮೀಟರ್ ಇಲ್ಲ, ಕಣ್ಣು ಮೂಗು ಅವ. ಗೋಬಿ ರಾಣಿ ಕಲರ್ ಬಂದಿದ್ರ ಸುಮ್ನ ವಾಪಸ್ ಕಳಸ್ರಿ, 2024ರ ಮಾರ್ಚ್‌ದಾಗ ರಾಜ್ಯ ಸರ್ಕಾರ ಗೋಬಿಗಿ ಕೃತಕ ಬಣ್ಣ ಬ್ಯಾನ್ ಮಾಡ್ತು, ಜೂನ್‌ದಾಗ ಕಬಾಬ್‌ಗೂ.

ಬಿಲ್ ಬಂದ್ಮ್ಯಾಲ ಚಷ್ಮಾ ಹಾಕೋರಿ. ಎಸಿ ಇರ್ಲಿ ಬಿಡ್ಲಿ ಇಂಥ ಓಣಿ ಹೋಟೆಲ್‌ಗಿ ಜಿಎಸ್‌ಟಿ 5 ಪರ್ಸೆಂಟ್, ಅದಕ್ಕಿಂತ ಹೆಚ್ಚಿಗಿ ಇದ್ರ ಕೇಳ್ರಿ. ವ್ಯಾಪಾರದ ಮ್ಯಾಲ ತಾವೇ ಇಷ್ಟಂತ ಟ್ಯಾಕ್ಸ್ ಕಟ್ಟೋ ಕಾಂಪೊಜಿಷನ್ ಸ್ಕೀಮ್‌ದಾಗ ಇರೋ ಸಣ್ಣ ಹೋಟೆಲ್‌ದವ್ರು ಗಿರಾಕಿ ಕಡಿಂದ ಟ್ಯಾಕ್ಸ್ ಬ್ಯಾರೆ ತಗೊಳ್ಳಂಗೇ ಇಲ್ಲ, ಬಿಲ್ ಮ್ಯಾಲ ಹಂಗಂತ ಬರ್ದಿರಬೇಕು. ಸರ್ವೀಸ್ ಚಾರ್ಜ್ ಅಂತ ತಾವೇ ಸೇರ್ಸಿದ್ರ ತೆಗಸ್ರಿ, ಅದು ಕಡ್ಡಾಯ ಅಲ್ಲ, 2025ರ ಮಾರ್ಚ್‌ದಾಗ ದಿಲ್ಲಿ ಹೈಕೋರ್ಟೂ ಅದೇ ಹೇಳೇದ. ಕೇಳಿಲ್ಲ ಅಂದ್ರ ಗ್ರಾಹಕರ ಸಹಾಯವಾಣಿ 1915 ಅದ. ಆದ್ರ ಓಣ್ಯಾಗ ಅಲ್ಲೀ ತನಕ ಹೋಗೋದೇ ಬರಲ್ಲ, ಮೆತ್ತಗ ಕೇಳಿದ್ರ ತೆಗಿತಾರ.

ರೇಟಿಂಗ್ ವಿಷಯ. ಮೊಬೈಲ್‌ದಾಗ ಒಂದು ಸ್ಟಾರ್ ಒತ್ತೋಕಿಂತ ಮೊದಲ ಗಲ್ಲೆಗಿ ಹೋಗಿ ಹೇಳ್ರಿ, ಬ್ಯಾರೆ ಗಿರಾಕಿ ಕೇಳ್ದಂಗ, ಎರಡೇ ಮಾತು, "ಬ್ಯಾಳಿಗಿ ಉಪ್ಪು ಜಾಸ್ತಿ ಆಗ್ಯಾದ" ಅಂತ. ಸಾಲ ಮಾಡಿ ಅಂಗಡಿ ಹಾಕಿದಾವ, ಕೇಳ್ತಾನ. ಹತ್ತು ದಿನ ಬಿಟ್ಟು ಮತ್ತೊಮ್ಮಿ ಹೋಗಿ ಅದೇ ಎರಡು ಐಟಂ ತಗೋರಿ. ಉಪ್ಪು ಸರಿ ಆಗಿದ್ರ ಆವಾಗ ಮನಿಯವ್ರನ್ನ ಕರಕೊಂಡು ಹೋಗ್ರಿ, ಆಗಿಲ್ಲಂದ್ರ ಸ್ಟಾರ್ ನಿಮ್ಮ ಕೈಯಾಗೇ ಅದ. ಪಾರ್ಸಲ್ ತರೋರು ರೊಟ್ಟಿಗಿ ಮನಿಯಿಂದ ಬಟ್ಟಿ ಒಯ್ರಿ, ಪ್ಲಾಸ್ಟಿಕ್‌ದಾಗ ಕಟ್ಟಿದ್ರ ಉಗಿಗಿ ತೊಯ್ದು ಹಿಟ್ಟಾಗ್ತದ.

ಆರು ತಿಂಗಳು ನಾ ತಪ್ಪಿಸ್ಕೊಂಡು ತಿರಗಿದ ಹೋಟೆಲ್‌ಗಿ ಹೋದ ತಿಂಗಳು ಹೋಗಿದ್ದೆ, ಒಬ್ನೇ, ಬುಧವಾರ. ಮಾಲಕ ಗುರ್ತು ಹಿಡ್ದ, ಏನೂ ಅನ್ಲಿಲ್ಲ. ಮೆನು ಈಗ ಎರಡೇ ಪೇಜ್ ಆಗ್ಯಾದ. ಬ್ಯಾಳಿ ಛಲೋ ಇತ್ತು, ಬಿಲ್ ಕೊಡೋ ಮುಂದ ಅವನೇ ಅಂದ, "ಸೂಪ್ ಹಚ್ಚಿಲ್ರಿ ಸರ, ನೋಡ್ಕೋರಿ."