ಎಂಜಿನ್ ಹತ್ತಬೇಕಾ? ಮೊದಲು ಕಣ್ಣು ತೋರಿಸಿಕೊಂಡು ಬನ್ನಿ

1988ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಡೀಸೆಲ್ ಅಸಿಸ್ಟೆಂಟ್ ಆಗಿ ರೈಲ್ವೆಗೆ ಸೇರಿದೆ. ಆಗ ನಮ್ಮದು ದಕ್ಷಿಣ ಮಧ್ಯ ರೈಲ್ವೆ. ಮೀಟರ್‌ಗೇಜ್ ಹಳಿ, ವೈಡಿಎಂ-4 ಎಂಜಿನ್. 2024ರಲ್ಲಿ ಮೇಲ್ ಲೋಕೊ ಪೈಲಟ್, ಅಂದರೆ ಮೇಲ್ ಗಾಡಿಯ ಡ್ರೈವರ್ ಆಗಿ ನಿವೃತ್ತನಾದೆ. ಈಗ ಬೆಳಗ್ಗೆ ವಾಕಿಂಗ್ ಹೋದರೆ ಐಟಿಐ ಹುಡುಗರು ಸಿಗುತ್ತಾರೆ. "ಕಾಕಾ, ರೈಲ್ವೆ ಡ್ರೈವರ್‌ಗೆ ಪಗಾರ ಚಲೋ ಐತಂತ. ಹೆಂಗ ಸೇರೂದು?" ಅಂತ ಕೇಳುತ್ತಾರೆ. ನಿಂತಲ್ಲೇ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಹೊಸಬರು ಸೇರುವುದು ಅಸಿಸ್ಟೆಂಟ್ ಲೋಕೊ ಪೈಲಟ್ ಆಗಿ. ಎಲ್ಲರೂ ಎಎಲ್‌ಪಿ ಅಂತಲೇ ಕರೆಯುವುದು. 7ನೇ ವೇತನ ಆಯೋಗದ ಪ್ರಕಾರ ಲೆವೆಲ್ 2, ಮೂಲ ವೇತನ 19,900 ರೂಪಾಯಿ. ಇಷ್ಟೇನಾ ಅನ್ನಬೇಡಿ. 2025ರ ಜನವರಿಯ ತುಟ್ಟಿಭತ್ಯೆ 55% ಹಿಡಿದರೆ 10,945 ಸೇರುತ್ತದೆ. ಬೆಂಗಳೂರಿನಲ್ಲಿದ್ದರೆ ಮನೆ ಬಾಡಿಗೆ ಭತ್ಯೆ 30%, ಅಂದರೆ 5,970. ಅಲ್ಲಿಗೆ 36,815 ಆಯಿತು. ಇದರ ಮೇಲೆ ಗಾಡಿ ಓಡಿಸಿದ ದೂರಕ್ಕೆ ಬರುವ ಕಿಲೋಮೀಟರೇಜ್ ಬೇರೆ. ಜಾಸ್ತಿ ಓಡಿದ ತಿಂಗಳು ಜಾಸ್ತಿ ಬರುತ್ತದೆ. ಮುಂದೆ ಗೂಡ್ಸ್ ಲೋಕೊ ಪೈಲಟ್ ಆದರೆ ಲೆವೆಲ್ 6. ಅಲ್ಲಿ ಮೂಲ ವೇತನ ಶುರುವಾಗುವುದೇ 35,400ರಿಂದ. ಆಮೇಲೆ ಪ್ಯಾಸೆಂಜರ್, ಆಮೇಲೆ ಮೇಲ್. ಕೊನೆಯ ವರ್ಷಗಳಲ್ಲಿ ನನಗೆ ಕಡಿತಕ್ಕೆ ಮುಂಚೆ ತಿಂಗಳಿಗೆ ಒಂದೂವರೆ ಲಕ್ಷ ದಾಟುತ್ತಿತ್ತು. ಎಸ್ಸೆಸ್ಸೆಲ್ಸಿ, ಐಟಿಐ ಓದಿದವನಿಗೆ ಮರ್ಯಾದೆಯಿಂದ ಇಷ್ಟು ಕೊಡುವ ಕೆಲಸ ಬಹಳ ಇಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪುಸ್ತಕ ಕೊಳ್ಳುವ ಮುಂಚೆ, ಕೋಚಿಂಗ್‌ಗೆ ಒಂದು ರೂಪಾಯಿ ಕಟ್ಟುವ ಮುಂಚೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ನನ್ನ ಅಕ್ಕನ ಮನೆ ಬ್ಯಾಡಗಿ ಕಡೆ. ಮೆಣಸಿನಕಾಯಿ ಹೊಲ ಇದೆ. ಅವಳ ಮಗ ಸಣ್ಣವನಿದ್ದಾಗ ಹಣ್ಣಾದ ಕೆಂಪು ಕಾಯಿ ಬಿಡಿಸಿಕೊಂಡು ಬಾ ಅಂದರೆ ಹಸಿ ಕಾಯಿಯನ್ನೂ ಸೇರಿಸಿಕೊಂಡು ಬರುತ್ತಿದ್ದ. ಲಕ್ಷ್ಯ ಇಲ್ಲ ಅಂತ ಎಲ್ಲರೂ ಬೈಯುತ್ತಿದ್ದೆವು. ಹುಡುಗ ಓದಿನಲ್ಲಿ ಚುರುಕು. ಫಿಟ್ಟರ್ ಟ್ರೇಡ್‌ನಲ್ಲಿ ಐಟಿಐ ಮಾಡಿದ. ನಾನೇ ಹುರಿದುಂಬಿಸಿದೆ, ಎಎಲ್‌ಪಿ ಬರಿ ಅಂತ. ಎರಡು ವರ್ಷ ಊರು ಬಿಟ್ಟು ಕೋಚಿಂಗ್ ಸೆಂಟರ್‌ನಲ್ಲಿದ್ದ. ಅಲ್ಲಿ ಯಾರೂ ಅವನ ಕಣ್ಣಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಪರೀಕ್ಷೆ ಎಲ್ಲ ಪಾಸಾದ. ಕೊನೆಗೆ ಮೆಡಿಕಲ್ ಮುಗಿಸಿ ಹೊರಗೆ ಬಂದು ನನಗೆ ಫೋನ್ ಮಾಡಿದ. "ಮಾಮಾ, ಚುಕ್ಕಿ ಚುಕ್ಕಿ ಚಿತ್ರ ತೋರಿಸಿದ್ರು. ಅದರಾಗ ನಂಬರ್ ಐತಿ, ಓದು ಅಂದ್ರು. ನನಗ ಬರೇ ಚುಕ್ಕಿ ಕಂಡ್ವು."

ಕೆಂಪು, ಹಸಿರು ಬೇರೆ ಬೇರೆ ಕಾಣದ ಕಣ್ಣು ಅದು. ಹೊಲದಲ್ಲೇ ನಮಗೆ ಗೊತ್ತಾಗಬೇಕಿತ್ತು. ನನಗಂತೂ ಗೊತ್ತಾಗಲೇಬೇಕಿತ್ತು, ದಿನಾ ಸಿಗ್ನಲ್ ನೋಡುವವನು ನಾನು. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಎಎಲ್‌ಪಿಗೆ ಬೇಕಾದದ್ದು ಎ-1 ಮೆಡಿಕಲ್. ರೈಲ್ವೆಯಲ್ಲಿ ಇದಕ್ಕಿಂತ ಕಟ್ಟುನಿಟ್ಟಾದ ಕಣ್ಣಿನ ಪರೀಕ್ಷೆ ಇಲ್ಲ. ಎರಡೂ ಕಣ್ಣು ಕನ್ನಡಕ ಇಲ್ಲದೆ 6/6 ಇರಬೇಕು. ಬಣ್ಣ, ರಾತ್ರಿ ದೃಷ್ಟಿ, ಎರಡು ಕಣ್ಣಿನ ಹೊಂದಾಣಿಕೆ, ಪಕ್ಕದ ನೋಟ ಎಲ್ಲ ನೋಡುತ್ತಾರೆ. ಲೇಸಿಕ್ ಅನ್ನುವ ಲೇಸರ್ ಆಪರೇಷನ್ ಮಾಡಿಸಿಕೊಂಡರೆ ಸರಿ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ಮಾಡಿಸಿಕೊಂಡವರನ್ನು ಎಎಲ್‌ಪಿಗೆ ತೆಗೆದುಕೊಳ್ಳುವುದೇ ಇಲ್ಲ. ಮೆಡಿಕಲ್‌ನಲ್ಲಿ ಬಿದ್ದರೆ ಬದಲಿಗೆ ಬೇರೆ ಕೆಲಸವನ್ನೂ ಕೊಡುವುದಿಲ್ಲ. ಹಾಗಾಗಿ ಡಾಕ್ಟರ್ ಹತ್ತಿರ ಸುಮ್ನೆ "ಕಣ್ಣು ಚೆಕ್ ಮಾಡಿ" ಅನ್ನಬೇಡಿ. "ರೈಲ್ವೆ ಎ-1ಗೆ ಬೇಕು, ಚುಕ್ಕಿ ಚಿತ್ರದ ಇಶಿಹಾರ ಪುಸ್ತಕವನ್ನೂ ತೋರಿಸಿ" ಅಂತ ಬಾಯಿಬಿಟ್ಟು ಕೇಳಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಗೋವಾ ಘಟ್ಟದಲ್ಲಿ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಮಳೆಗಾಲದ ರಾತ್ರಿ ಒಮ್ಮೆ ಇಳಿದವರಿಗೆ ಗೊತ್ತು. 37 ಅಡಿ ಮುಂದೆ ಹೋದರೆ 1 ಅಡಿ ಕೆಳಗೆ ಹೋಗುವಷ್ಟು ಇಳಿಜಾರು ಅದು. ದೂಧಸಾಗರದ ಹತ್ತಿರ ಮಂಜು ಕವಿದರೆ ಹೆಡ್‌ಲೈಟ್ ಬೆಳಕು ಬಿಳಿ ಗೋಡೆಗೆ ಬಡಿದ ಹಾಗೆ ಅಲ್ಲೇ ನಿಂತುಬಿಡುತ್ತದೆ. ಹಿಂದೆ ಇಡೀ ಗಾಡಿಯ ಭಾರ ನೂಕುತ್ತಿರುತ್ತದೆ. ಸಿಗ್ನಲ್ ಕಂಡ ತಕ್ಷಣ ಅಸಿಸ್ಟೆಂಟ್ ಕೈ ಎತ್ತಿ ಜೋರಾಗಿ "ಯೆಲ್ಲೋ" ಅನ್ನಬೇಕು. ನಾನೂ ನೋಡಿ "ಯೆಲ್ಲೋ" ಅನ್ನಬೇಕು. ಇಬ್ಬರ ಬಾಯಲ್ಲೂ ಒಂದೇ ಬಣ್ಣ ಬಂದ ಮೇಲೇ ಸಮಾಧಾನ. ಮೂವತ್ತಾರು ವರ್ಷದಲ್ಲಿ ಒಂದು ಸಿಗ್ನಲ್ ಕೂಡ ಬಾಯಿಬಿಟ್ಟು ಹೇಳದೆ ದಾಟಿಲ್ಲ.

ಕಣ್ಣು ಸರಿ ಇದೆ ಅಂತಾದರೆ ಮುಂದಿನದು ಓದು. ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಆಗಿರಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್, ವೈರ್‌ಮನ್, ಟರ್ನರ್, ಮೆಷಿನಿಸ್ಟ್ ಇಂಥ ಟ್ರೇಡ್‌ಗಳು ನಡೆಯುತ್ತವೆ. ಎಲ್ಲ ಟ್ರೇಡ್ ನಡೆಯುವುದಿಲ್ಲ, ಪ್ರಕಟಣೆಯ ಪಟ್ಟಿ ನೋಡಿಕೊಳ್ಳಿ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಆಟೊಮೊಬೈಲ್ ಡಿಪ್ಲೊಮಾ ಅಥವಾ ಬಿಇ ಇದ್ದರೂ ಆಗುತ್ತದೆ. ಕೊನೆಯ ವರ್ಷದ ಫಲಿತಾಂಶ ಇನ್ನೂ ಬಂದಿಲ್ಲ ಅನ್ನುವವರು ಅರ್ಜಿ ಹಾಕುವ ಹಾಗಿಲ್ಲ. 2025ರ ಪ್ರಕಟಣೆಯಲ್ಲಿ ವಯಸ್ಸು 18ರಿಂದ 30, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಆ ಸಲ ದೇಶದಲ್ಲಿ 9,970 ಹುದ್ದೆ ಕರೆದರು.

ಮೊದಲ ಪರೀಕ್ಷೆ 60 ನಿಮಿಷ, 75 ಪ್ರಶ್ನೆ. ಇದು ಬರೀ ಜರಡಿ, ಈ ಅಂಕ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದರಲ್ಲಿ ಎ ಭಾಗ 90 ನಿಮಿಷ, 100 ಪ್ರಶ್ನೆ. ಇದೇ ನಿಮ್ಮ ಹಣೆಬರಹ. ಅದರಲ್ಲಿ ಮೂಲ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪ್ರಶ್ನೆಗಳೂ ಇರುತ್ತವೆ. ಡ್ರಾಯಿಂಗ್, ಅಳತೆ, ವಿದ್ಯುತ್, ಲಿವರ್ ಇಂಥದ್ದು. ಐಟಿಐ ಪುಸ್ತಕ ಬಿಸಾಕಬೇಡಿ. ಬಿ ಭಾಗ ನಿಮ್ಮ ಟ್ರೇಡ್‌ನದು, 75 ಪ್ರಶ್ನೆ, 35% ಬಂದರೆ ಸಾಕು. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಹೋಗುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಸಿಗುತ್ತದೆ, ಅರ್ಜಿ ಹಾಕುವಾಗಲೇ ಕನ್ನಡ ಆರಿಸಿಕೊಳ್ಳಿ. ನಮ್ಮ ಹುಡುಗರು ಇಂಗ್ಲಿಷ್ ಹಾಕಿಕೊಂಡು ಒದ್ದಾಡುವುದನ್ನು ನೋಡಿದ್ದೇನೆ.

ಮೂರನೆಯದು ಸಿಬಿಎಟಿ, ಅಂದರೆ ಕಂಪ್ಯೂಟರ್ ಮೇಲೆ ಮಾಡುವ ಸಾಮರ್ಥ್ಯ ಪರೀಕ್ಷೆ. ಜನ ಇದನ್ನು ಸೈಕೊ ಟೆಸ್ಟ್ ಅನ್ನುತ್ತಾರೆ. ಇದು ಮಾತ್ರ ಕನ್ನಡದಲ್ಲಿಲ್ಲ, ಇಂಗ್ಲಿಷ್ ಮತ್ತು ಹಿಂದಿ ಎರಡೇ. ನೆನಪು, ಸೂಚನೆ ಪಾಲಿಸುವುದು, ಆಳದ ಅಂದಾಜು, ಏಕಾಗ್ರತೆ, ಕಣ್ಣಿನ ವೇಗ ಅಂತ ಐದು ಪರೀಕ್ಷೆ. ಐದರಲ್ಲೂ ಪಾಸಾಗಬೇಕು. ನಾಲ್ಕರಲ್ಲಿ ಮೆರೆದು ಒಂದರಲ್ಲಿ ಬಿದ್ದರೂ ಹೋಯಿತು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೈ ಓಡಿಸಿ. ಮೆರಿಟ್‌ನಲ್ಲಿ ಎರಡನೇ ಪರೀಕ್ಷೆಯ ಎ ಭಾಗಕ್ಕೆ 70%, ಇದಕ್ಕೆ 30%. ಇದಕ್ಕೆ ಹೋಗುವಾಗ ಕಣ್ಣಿನ ಡಾಕ್ಟರ್ ಸರ್ಟಿಫಿಕೇಟ್ ಅವರು ಕೊಟ್ಟ ನಮೂನೆಯಲ್ಲೇ ಇರಬೇಕು.

ಸೇರಿದ ಮೇಲಿನ ಬದುಕನ್ನೂ ಮುಚ್ಚಿಡುವುದಿಲ್ಲ. 1988ರಲ್ಲಿ ರಾತ್ರಿ ಡ್ಯೂಟಿಗೆ ಕರೆಯುವ ಕಾಲ್‌ಬಾಯ್ ಸೈಕಲ್ ಮೇಲೆ ಬಂದು ಬಾಗಿಲು ಬಡಿದು, ಕಾಲ್ ಬುಕ್‌ನಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಈಗ ಫೋನ್ ಬರುತ್ತದೆ, ಅಷ್ಟೇ ವ್ಯತ್ಯಾಸ. ಗೂಡ್ಸ್‌ನಲ್ಲಿ ಯಾವಾಗ ಹೋಗುತ್ತೀರಿ, ಯಾವಾಗ ಬರುತ್ತೀರಿ ಹೇಳಲಾಗದು. ಲಾಬಿಯಲ್ಲಿ, ಅಂದರೆ ಡ್ಯೂಟಿ ಕಚೇರಿಯಲ್ಲಿ, ಸೈನ್ ಆನ್ ಮಾಡುವಾಗ ಕುಡಿದಿಲ್ಲ ಅಂತ ತೋರಿಸಲು ಬ್ರೀಥಲೈಸರ್ ಊದಬೇಕು. ಎಂಜಿನ್‌ನಲ್ಲಿ 60 ಸೆಕೆಂಡ್ ಏನೂ ಮಾಡದೆ ಕೂತರೆ ದೀಪ ಮಿನುಗುತ್ತದೆ. ಎಂಟು ಸೆಕೆಂಡ್ ಬಿಟ್ಟು ಬಜರ್. ಮತ್ತೆ ಎಂಟು ಸೆಕೆಂಡ್ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಬಹಳ ಎಂಜಿನ್‌ಗಳಲ್ಲಿ ಇನ್ನೂ ಟಾಯ್ಲೆಟ್ ಇಲ್ಲ. ಹೆಣ್ಣುಮಕ್ಕಳಿಗೆ ಇದು ನಿಜವಾದ ಕಷ್ಟ. ಅಷ್ಟಾದರೂ ಬರುತ್ತಿದ್ದಾರೆ, ಅಚ್ಚುಕಟ್ಟಾಗಿ ಓಡಿಸುತ್ತಿದ್ದಾರೆ. ನನ್ನ ಜೊತೆ ಅಸಿಸ್ಟೆಂಟ್ ಆಗಿದ್ದ ಒಬ್ಬ ಹುಡುಗಿಯಷ್ಟು ಸ್ಪಷ್ಟವಾಗಿ ಸಿಗ್ನಲ್ ಹೇಳಿದವರನ್ನು ನಾನು ಕಂಡಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಕಣ್ಣು ಕೆಟ್ಟರೆ ಗತಿ ಏನು ಅಂತ ಹೆದರಬೇಡಿ. 45ರವರೆಗೆ ನಾಲ್ಕು ವರ್ಷಕ್ಕೊಮ್ಮೆ, 55ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾ ವರ್ಷ ಮೆಡಿಕಲ್ ಇರುತ್ತದೆ. ಅದರಲ್ಲಿ ಅನ್‌ಫಿಟ್ ಆದರೆ ಎಂಜಿನ್ ಬಿಡಬೇಕು ನಿಜ, ಆದರೆ ಕೆಲಸದಿಂದ ತೆಗೆಯುವುದಿಲ್ಲ. ಬೇರೆ ಹುದ್ದೆ ಕೊಡುತ್ತಾರೆ.

ಮೊದಲೇ ಎ-1 ಆಗುವುದಿಲ್ಲ ಅಂತ ತಿಳಿದರೆ ಅದೂ ಒಳ್ಳೆಯದೇ, ದಾರಿ ಬದಲಿಸಬಹುದು. ಸ್ಟೇಷನ್ ಮಾಸ್ಟರ್‌ಗೆ ಡಿಗ್ರಿ ಬೇಕು. ಲೆವೆಲ್ 6, ಮೆಡಿಕಲ್ ಎ-2. ಅಲ್ಲೂ ಬಣ್ಣ ಕಾಣಬೇಕು, ಕನ್ನಡಕ ಇಲ್ಲದೆ 6/9 ಇರಬೇಕು. ಕನ್ನಡಕ ಇರುವವರಿಗೆ ಕಮರ್ಷಿಯಲ್ ಕಂ ಟಿಕೆಟ್ ಕ್ಲರ್ಕ್ ಇದೆ, ಲೆವೆಲ್ 3, ಮೆಡಿಕಲ್ ಬಿ-2. ನನ್ನ ಅಕ್ಕನ ಮಗ ಮತ್ತೆ ಓದಿ ಅದೇ ಪರೀಕ್ಷೆ ಬರೆದ. ಈಗ ಕೌಂಟರ್‌ನಲ್ಲಿ ಕೂತಿದ್ದಾನೆ, ಚೆನ್ನಾಗಿದ್ದಾನೆ.

ಅರ್ಜಿ ಆರ್‌ಆರ್‌ಬಿ, ಅಂದರೆ ರೈಲ್ವೆ ನೇಮಕಾತಿ ಮಂಡಳಿ ಮೂಲಕ ಆನ್‌ಲೈನ್‌ನಲ್ಲೇ. ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳ ನೈಋತ್ಯ ರೈಲ್ವೆಗೆ ಬರಬೇಕೆಂದರೆ ಆರ್‌ಆರ್‌ಬಿ ಬೆಂಗಳೂರು ಆರಿಸಿ. ಒಂದು ಆರ್‌ಆರ್‌ಬಿಗೆ ಮಾತ್ರ ಅರ್ಜಿ ಹಾಕಬಹುದು. ಫೀಸು 500. ಮೊದಲ ಪರೀಕ್ಷೆಗೆ ಹಾಜರಾದರೆ 400 ವಾಪಸ್ ಬರುತ್ತದೆ. ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಫೀಸು 250, ಅದೂ ವಾಪಸ್ ಬರುತ್ತದೆ. ಬ್ಯಾಂಕ್ ಖಾತೆ ನಂಬರ್ ಎರಡು ಸಲ ನೋಡಿ ಹಾಕಿ. ಇದರಾಚೆ ಯಾರಾದರೂ ಮೆಡಿಕಲ್ ಪಾಸು ಮಾಡಿಸಿಕೊಡುತ್ತೇನೆ, ಇಷ್ಟು ಲಕ್ಷ ಕೊಡಿ ಅಂದರೆ ಒಂದು ಪೈಸೆ ಕೊಡಬೇಡಿ. ಆ ಚುಕ್ಕಿ ಚಿತ್ರದ ಮುಂದೆ ಕೂರುವವರು ನೀವೇ.