ಫೋರ್ ವೀಲ್ ಜೀಪನ್ನು ಡಾಲಿಗೆ ಹತ್ತಿಸುವ ಮೊದಲು

ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ 16 ವರ್ಷ ಜೀಪ್ ಓಡಿಸಿದ್ದೇನೆ. ಕ್ಲಚ್ ಪ್ಲೇಟ್, ಕ್ರಾಸ್ (ಶಾಫ್ಟಿನ ತುದಿಯ ಕೀಲು) ಎಲ್ಲ ಗುಡ್ಡದಲ್ಲೇ ಬದಲಿಸಿದ್ದುಂಟು. ಆದರೆ ನನ್ನ ಗಾಡಿಗೆ ದೊಡ್ಡ ಪೆಟ್ಟು ಬಿದ್ದದ್ದು ಗುಡ್ಡದಲ್ಲಲ್ಲ. ಒಳ್ಳೆಯ ಟಾರ್ ರಸ್ತೆಯಲ್ಲಿ, ಎಂಜಿನ್ ಆಫ್ ಆಗಿದ್ದಾಗ.

2018ರ ಮಳೆಗಾಲ. ಸಂಪೆಕಟ್ಟೆ ಹತ್ತಿರ ಜೀಪಿನ ಡೀಸೆಲ್ ಪಂಪ್ ಕೈಕೊಟ್ಟಿತು. ಶಿವಮೊಗ್ಗದಿಂದ ಟೋಯಿಂಗ್ ಗಾಡಿ ತರಿಸಿದೆ. ಜೀಪಿನ ಮುಂದಿನ ಎರಡು ಚಕ್ರ ಡಾಲಿ (ಎಳೆಯುವ ಗಾಡಿಯ ಹಿಂದೆ ಕಟ್ಟುವ ಎರಡು ಚಕ್ರದ ಪುಟ್ಟ ಟ್ರೇಲರ್) ಮೇಲೆ, ಹಿಂದಿನ ಎರಡು ನೆಲದ ಮೇಲೆ. "ಟೂ ವೀಲಲ್ಲಿದೆ, ನ್ಯೂಟ್ರಲ್ ಇದೆ, ಏನೂ ಆಗಲ್ಲ ಅಣ್ಣ" ಅಂದರು. ನಾನೂ ಒಪ್ಪಿದೆ. ರಿಪ್ಪನ್‌ಪೇಟೆ ದಾಟಿದ ಮೇಲೆ ನಿಲ್ಲಿಸಿ ಇಳಿದರೆ ಸುಟ್ಟ ಎಣ್ಣೆ ವಾಸನೆ. ಶಿವಮೊಗ್ಗದಲ್ಲಿ ಗೇರ್ ಬಾಕ್ಸ್ ಬಿಚ್ಚಿದಾಗ ಮೇನ್ ಶಾಫ್ಟಿನ ಬೇರಿಂಗ್ ನೀಲಿ ತಿರುಗಿತ್ತು.

ಯಾಕೆ ಹೀಗಾಯಿತು ಅಂದರೆ, ಹಿಂದಿನ ಚಕ್ರ ಉರುಳಿದರೆ ಹೌಸಿಂಗ್ (ಹಿಂದಿನ ಆಕ್ಸಲ್ ನಡುವಿನ ಗೇರಿನ ಗುಂಡು) ಮೂಲಕ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗಾಡಿಯಡಿಯ ಉದ್ದ ಶಾಫ್ಟ್, ತಿರುಗುತ್ತದೆ. ಅದು ಟ್ರಾನ್ಸ್‌ಫರ್ ಕೇಸನ್ನು (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಅಲ್ಲಿಂದ ಗೇರ್ ಬಾಕ್ಸಿನ ಮೇನ್ ಶಾಫ್ಟನ್ನು ತಿರುಗಿಸುತ್ತದೆ. ಎಂಜಿನ್ ಓಡುವಾಗ ಕೆಳಗಿನ ಲೇ ಶಾಫ್ಟಿನ ಗೇರುಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ, ಎಣ್ಣೆಯನ್ನು ಮೇಲಕ್ಕೆ ಎರಚುತ್ತವೆ. ಎಂಜಿನ್ ನಿಂತು ನ್ಯೂಟ್ರಲ್‌ನಲ್ಲಿದ್ದರೆ ಅವು ಅಲುಗುವುದೇ ಇಲ್ಲ. ಎಣ್ಣೆ ತಳದಲ್ಲಿರುತ್ತದೆ, ಮೇಲಿನ ಶಾಫ್ಟ್ ಒಣಗಿಕೊಂಡು ತಿರುಗುತ್ತಿರುತ್ತದೆ. ನಾಲ್ಕೈದು ಫರ್ಲಾಂಗಿಗೆ ತೊಂದರೆ ಕಾಣಿಸದೇ ಇರಬಹುದು. ಹೊಸನಗರದಿಂದ ಶಿವಮೊಗ್ಗದಷ್ಟು ದೂರ ಅಂದರೆ ಬೇರಿಂಗ್ ಉಳಿಯುವುದಿಲ್ಲ.

ಲಿವರ್ ಫೋರ್ ವೀಲ್‌ನಲ್ಲೇ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಹೋಗುವ ಹಾಗೆ, ಉಳಿದುಬಿಟ್ಟಿದ್ದರೆ ಇದಕ್ಕಿಂತ ಅಪಾಯ. ಹಿಂದಿನ ಚಕ್ರ ಮುಂದಿನದನ್ನೂ ತಿರುಗಿಸಲು ನೋಡುತ್ತದೆ. ಮುಂದಿನದನ್ನು ಬೆಲ್ಟ್ ಹಾಕಿ ಬಿಗಿದಿರುತ್ತೀರಿ. ಬೆಲ್ಟ್ ಹರಿದು ಗಾಡಿ ಡಾಲಿಯಿಂದ ಜಿಗಿಯಬಹುದು, ಇಲ್ಲವೇ ಟ್ರಾನ್ಸ್‌ಫರ್ ಕೇಸ್ ಒಡೆಯಬಹುದು. ಹಿಂದೆ ಬೈಕಿನಲ್ಲಿ ಬರುವವರ ಗತಿ ಏನು?

ಹಾಗಾಗಿ ನಾನು ಈಗ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚದೆ ಡಾಲಿಗೆ ಬಿಡುವುದಿಲ್ಲ. ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್ ಮಾಡಿ ಎಳೆಯಬಹುದು ಎಂದು ಕೆಲವು ಗಾಡಿಗಳ ಪುಸ್ತಕದಲ್ಲಿ ಬರೆದಿರುತ್ತದೆ, ಅದಕ್ಕೆ ವೇಗ ಮತ್ತು ದೂರದ ಮಿತಿಯೂ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹಾಗಿದ್ದರೆ ಮಾತ್ರ ಆ ದಾರಿ.

ಬಿಚ್ಚುವ ಮೊದಲು ಚಕ್ರಕ್ಕೆ ಅಡ್ಡ ಕೊಡಿ. ಇದನ್ನು ದಯವಿಟ್ಟು ಮರೆಯಬೇಡಿ. ಗೇರಿನಲ್ಲಿ ಹಾಕಿ ನಿಲ್ಲಿಸಿದ ಗಾಡಿಯನ್ನು ಹಿಡಿದಿರುವುದೇ ಆ ಶಾಫ್ಟ್. ಕೊನೆಯ ಬೋಲ್ಟ್ ಬಂದ ಕ್ಷಣ ಆ ಹಿಡಿತ ಹೋಗುತ್ತದೆ. ಆಟೋಮ್ಯಾಟಿಕ್ ಗಾಡಿಯ ಪಾರ್ಕ್ ಕೂಡ ಅಷ್ಟೇ. ಹಳೇ ವಿಲ್ಲಿಸ್ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ಮೇ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತಿತ್ತು, ಶಾಫ್ಟ್ ಹೋದರೆ ಹ್ಯಾಂಡ್‌ಬ್ರೇಕೂ ಹೋಯಿತು. ನೀವು ಅಡಿಯಲ್ಲಿ ಮಲಗಿರುತ್ತೀರಿ, ನಮ್ಮ ಕಡೆ ಸಮತಟ್ಟು ರಸ್ತೆ ಎಲ್ಲಿದೆ? ಅಡ್ಡ ಕೊಡಲು ಜಂಬಿಟ್ಟಿಗೆ ಬೇಡ, ಭಾರ ಬಿದ್ದರೆ ಪುಡಿಯಾಗುತ್ತದೆ. ಗಟ್ಟಿ ಮರದ ತುಂಡು ಅಥವಾ ಕರೀಕಲ್ಲು ಬೇಕು, ಎರಡೂ ಬದಿಗೆ.

ಶಾಫ್ಟ್ ಮತ್ತು ಅದು ಬೋಲ್ಟಿನಲ್ಲಿ ಕೂರುವ ಹೌಸಿಂಗಿನ ಫ್ಲ್ಯಾಂಜ್ ಎರಡಕ್ಕೂ ಸೇರಿಸಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮತ್ತೆ ಅದೇ ಗೆರೆಗೆ ಕೂರಿಸದಿದ್ದರೆ ಓಡುವಾಗ ನಡುಕ ಬರಬಹುದು. ಕ್ರಾಸಿನ ಬಟ್ಟಲು ಬಿಚ್ಚಿಕೊಳ್ಳುವ ಹಾಗಿದ್ದರೆ ಟೇಪ್ ಸುತ್ತಿ, ಒಳಗಿನ ಸೂಜಿ ಬೇರಿಂಗ್ ಕೆಸರಿಗೆ ಬಿದ್ದರೆ ಸಿಗುವುದಿಲ್ಲ. ಶಾಫ್ಟನ್ನು ಪೂರ್ತಿ ತೆಗೆದು ಗಾಡಿಯೊಳಗೆ ಹಾಕಿ. ಸುಮ್ನೆ ಛಾಸಿಗೆ ಕಟ್ಟಿ ನೇತುಹಾಕಬೇಡಿ, ದಾರಿಯಲ್ಲಿ ಬಿಚ್ಚಿಕೊಂಡರೆ ರಸ್ತೆಗೆ ನಾಟುತ್ತದೆ. ಕೆಲವು ಗಾಡಿಗಳಲ್ಲಿ ಶಾಫ್ಟ್ ಎಳೆದ ಕೂಡಲೇ ಟ್ರಾನ್ಸ್‌ಫರ್ ಕೇಸಿನಿಂದ ಎಣ್ಣೆ ಸುರಿಯುತ್ತದೆ. ಅಲ್ಲಿಗೆ ಪ್ಲಾಸ್ಟಿಕ್ ಮುಚ್ಚಿ ಬಿಗಿಯಾಗಿ ಕಟ್ಟಬೇಕು.

ಲಿವರೇ ಇಲ್ಲದ, ಯಾವಾಗಲೂ ನಾಲ್ಕೂ ಚಕ್ರಕ್ಕೆ ಎಳೆತ ಇರುವ ಹೊಸ ಗಾಡಿಗಳಿಗೆ ಈ ಕೆಲಸವೂ ಬೇಡ. ಅವಕ್ಕೆ ಇಡೀ ಗಾಡಿಯನ್ನು ಮೇಲೆ ಹೇರಿಕೊಳ್ಳುವ ಫ್ಲಾಟ್ ಬೆಡ್ ಲಾರಿಯನ್ನೇ ಕರೆಸಿ. ಅಥವಾ ಮುಂಭಾಗ ಎತ್ತಿ ಹಿಂದಿನ ಚಕ್ರಗಳಡಿಗೂ ಡಾಲಿ ಕೊಡುವವರು ಬೇಕು. ನಾಲ್ಕೂ ಚಕ್ರ ನೆಲ ಬಿಟ್ಟಿರಬೇಕು, ಅಷ್ಟೇ.

ಡಾಲಿಗೆ ಹತ್ತಿಸಿದ ಮೇಲೆ ಟೈರಿನ ಬೆಲ್ಟ್ ಬಿಗಿದು, ಡಾಲಿಯ ಸರಪಳಿ ಎರಡನ್ನೂ ಎಳೆಯುವ ಗಾಡಿಯ ಕೊಕ್ಕೆಯ ಅಡಿಯಲ್ಲಿ ಕತ್ತರಿ ಹಾಕಿ ಕಟ್ಟಿಸಿ. ಕೊಕ್ಕೆ ಕಳಚಿದರೂ ಡಾಲಿಯ ಮೂತಿ ಸರಪಳಿ ಮೇಲೆ ಕೂರುತ್ತದೆ, ರಸ್ತೆಗೆ ಬಡಿಯುವುದಿಲ್ಲ. ಈಗ ಹ್ಯಾಂಡ್‌ಬ್ರೇಕ್ ಇಳಿಸಿ, ಆಮೇಲೆ ಕಲ್ಲು ತೆಗೆಯಿರಿ. ಎರಡು ಮೂರು ಕಿಲೋಮೀಟರ್ ಹೋಗಿ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿಯಬೇಕು. ಟೈರು ಕೂತುಕೊಂಡು ಬೆಲ್ಟ್ ಸಡಿಲ ಆಗಿಯೇ ಆಗಿರುತ್ತದೆ, ಮಳೆಯಲ್ಲಂತೂ ಜಾಸ್ತಿ. ಹಿಂದಿನ ಲೈಟಿಗೆ ಎಳೆಯುವ ಗಾಡಿಯಿಂದ ವೈರ್ ಕೊಡಿಸಿ. ಮಂಜಿನಲ್ಲಿ ಅದಿಲ್ಲದಿದ್ದರೆ ನಿಮ್ಮ ಜೀಪ್ ಯಾರಿಗೂ ಕಾಣುವುದಿಲ್ಲ.

ಎಳೆಯುವ ಗಾಡಿ ಜೀಪಿಗಿಂತ ಭಾರ ಇರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನದೇ ಮುಂದಿನದನ್ನು ತಳ್ಳುತ್ತದೆ. ನಾನು ಗಂಟೆಗೆ 30 ಕಿಲೋಮೀಟರ್ ವೇಗದ ಮೇಲೆ ಹೋಗಗೊಡುವುದಿಲ್ಲ. ಡಾಲಿ ಕಟ್ಟಿಕೊಂಡು ರಿವರ್ಸ್ ಬರಲು ನೋಡಬೇಡಿ, ಮಡಚಿಕೊಂಡು ಬಾಗಿಲಿಗೇ ಗುದ್ದುತ್ತದೆ. ಆಗುಂಬೆ ಘಾಟಿಯ 14 ತಿರುವು, ಹುಲಿಕಲ್ ಘಾಟಿ, ಇವುಗಳಲ್ಲಿ ಡಾಲಿ ಬೇಡವೇ ಬೇಡ. ಎದುರಿಗೆ ಬಸ್ಸು ಬಂದರೆ ಹಿಂದೆ ಸರಿಯಲು ಆಗುವುದಿಲ್ಲ ಅಲ್ವಾ? ಗಾಡಿ ಘಾಟಿಯಲ್ಲೇ ಕೆಟ್ಟಿದ್ದರೆ ಫ್ಲಾಟ್ ಬೆಡ್ ಬರುವವರೆಗೆ ಕಾಯಿರಿ.

ಗ್ಯಾರೇಜ್ ತಲುಪಿದಾಗಲೂ ಮೊದಲು ಕಲ್ಲು, ಆಮೇಲೆ ಬೆಲ್ಟ್. ಶಾಫ್ಟ್ ಗೆರೆಗೆ ಗೆರೆ ಕೂಡಿಸಿ ಬಿಗಿದು, ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಮಟ್ಟ ನೋಡಿ, ಕಡಿಮೆ ಇದ್ದರೆ ತುಂಬಿಸಿಯೇ ಸ್ಟಾರ್ಟ್ ಮಾಡಿ. ಒಂದು ದಿನ ಓಡಿಸಿದ ಮೇಲೆ ಆ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.