ಮೂರನೆಯ ಸಲಕ್ಕೆ ನಿಂತ ಕ್ಯಾಲಿಪರ್ ಬಣ್ಣ

ಮಲ್ಪೆಯ ಕಡಲಿಗೆ ಎರಡು ಕಿಲೋಮೀಟರೂ ಇಲ್ಲದ ನಮ್ಮ ಅಂಗಳದಲ್ಲಿ ನಿಲ್ಲುವ 2014ರ ಸ್ವಿಫ್ಟ್‌ನ ಮುಂದಿನ ಚಕ್ರಗಳ ಡಿಸ್ಕನ್ನು ಹಿಡಿದು ಬ್ರೇಕ್ ಹಾಕುವ ಬೀಡುಕಬ್ಬಿಣದ ಕ್ಯಾಲಿಪರ್‌ಗಳಿಗೆ ನಾನೇ ಹೊಡೆದ ಕೆಂಪು ಬಣ್ಣ ಎರಡು ಮಳೆಗಾಲ ಕಳೆದರೂ ಎದ್ದಿಲ್ಲ. "ಉಪ್ಪುಗಾಳಿಗೆ ಇದೆಲ್ಲ ನಿಲ್ಲುವುದಿಲ್ಲ ಮಾರಾಯ್ರೆ" ಎಂದಿದ್ದ ಗ್ಯಾರೇಜಿನವರು ಈಗ ಚಕ್ರ ಬಿಚ್ಚಿದಾಗಲೆಲ್ಲ ಉಗುರಿನಿಂದ ಗೀರಿ ನೋಡುತ್ತಾರೆ. ಎರಡಕ್ಕೂ ಸೇರಿ 6,000 ರೂಪಾಯಿ ಕೇಳಿದ್ದ ಪೇಂಟಿಂಗ್ ಅಂಗಡಿಯವರು ಕೂಡ ಒಂದು ವರ್ಷದ ಮಾತು ಕೊಡಲು ಒಪ್ಪಿರಲಿಲ್ಲ.

ಮೊದಲ ಸಲ ಕ್ಯಾಲಿಪರನ್ನು ಕಾರಿನಿಂದ ಕಳಚದೆ, ಸ್ಪ್ರಿಂಗಿಗೆ ತಂತಿಯಲ್ಲಿ ತೂಗುಹಾಕಿಕೊಂಡು ಕೆಲಸ ಮಾಡಿದೆ. ಹಳೆಯ ಬಣ್ಣ ತೆಗೆಯಲು ಹಚ್ಚಿದ ಪೇಂಟ್ ರಿಮೂವರ್ ಒಂದಿಷ್ಟು ಇಳಿದು, ಬ್ರೇಕ್ ಪ್ಯಾಡನ್ನು ಒತ್ತುವ ಪಿಸ್ಟನ್ನಿಗೆ ಧೂಳು ತಾಗದಂತೆ ಇರುವ ರಬ್ಬರಿಗೆ ತಾಗಿತು. ಮರುದಿನ ಬೆಳಿಗ್ಗೆ ನೋಡಿದರೆ ರಬ್ಬರು ನೀರಿನಲ್ಲಿ ನೆನೆದ ಅವಲಕ್ಕಿಯಂತೆ ಉಬ್ಬಿತ್ತು. ಸೀಲ್ ಕಿಟ್ಟಿಗೆ 400, ರಿಮೂವರ್, ಬ್ರಷ್ಷು, ಸ್ಪ್ರೇ ಡಬ್ಬಿ ಸೇರಿ ಸುಮಾರು 1,200 ಹೋಯಿತು. ಅದು ಸಾಲದೆಂಬಂತೆ ಪ್ಯಾಡ್ ಜಾರುವ ಜಾಡಿನಲ್ಲಿ ಬಣ್ಣ ಕುಳಿತು ಎಡಗಡೆಯ ಪ್ಯಾಡ್ ಹಿಂದೆ ಸರಿಯದಾಯಿತು, ಮಣಿಪಾಲಕ್ಕೆ ಹೋಗಿ ಬರುವಷ್ಟರಲ್ಲಿ ಆ ಚಕ್ರ ಕೈಯಿಡಲಾಗದಷ್ಟು ಕಾದಿತ್ತು.

ಎರಡನೆಯ ಸಲ ಸೈಲೆನ್ಸರಿಗೆ ಹೊಡೆಯುವ ಸಿಲ್ವರ್ ಪೇಂಟನ್ನೇ ತಂದೆ. ಶಾಖಕ್ಕೆ ಹೆದರದ ಬಣ್ಣ, ಓಡಿಸುತ್ತ ಓಡಿಸುತ್ತ ತಾನೇ ಬೇಯುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಹೊಡೆದ ಮೂರನೆಯ ದಿನ ತೀರ್ಥಹಳ್ಳಿಯಿಂದ ಮರಳುವಾಗ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿದು, ಸೋಮೇಶ್ವರದಲ್ಲಿ ವಾಸನೆ ಬಂದು ನಿಲ್ಲಿಸಿ ನೋಡಿದೆ. ದಪ್ಪಗೆ ಹೊಡೆದ ಬಣ್ಣದೊಳಗೆ ಸಿಕ್ಕಿಕೊಂಡಿದ್ದ ಥಿನ್ನರ್ ಹೊರಬರಲು ದಾರಿಯಿಲ್ಲದೆ ಹಪ್ಪಳದಂತೆ ಗುಳ್ಳೆಯೆಬ್ಬಿಸಿತ್ತು. ಗುಳ್ಳೆಯೊಂದನ್ನು ಒಡೆದಾಗ ಅದರ ಒಳಮೈಗೆ ಎಣ್ಣೆಯ ಜಿಡ್ಡು ಅಂಟಿದ್ದುದೇ ನನಗೆ ಸಿಕ್ಕ ಸುಳಿವು. ಬೀಡುಕಬ್ಬಿಣ ವರ್ಷಗಟ್ಟಲೆ ಗ್ರೀಸು, ಬ್ರೇಕ್ ಆಯಿಲನ್ನು ರಂಧ್ರಗಳಲ್ಲಿ ಕುಡಿದಿರುತ್ತದೆ. ಮೇಲಿಂದ ಎಷ್ಟು ಒರೆಸಿದರೂ ಬಿಸಿಯಾದಾಗ ಅದು ಬೆವರುತ್ತದೆ.

ಹಾಗಾಗಿ ಮೂರನೆಯ ಸಲ, ಬಣ್ಣಕ್ಕೆ ಮೊದಲು ಬರಿಗಬ್ಬಿಣವನ್ನೇ ಬೇಯಿಸಬೇಕೆಂದು ನಿರ್ಧರಿಸಿದೆ. ಗುಜರಿಯಲ್ಲಿ 700 ರೂಪಾಯಿಗೆ ಕೇಕು ಬೇಯಿಸುವಂಥ ಹಳೆಯ ಓಟಿಜಿ ಕರೆಂಟು ಒಲೆ ಸಿಕ್ಕಿತು. ಅದು ಮತ್ತೆ ಅಡುಗೆಮನೆ ಸೇರಕೂಡದೆಂಬ ಷರತ್ತಿನ ಮೇಲೆ ಮನೆಯವರು ಒಪ್ಪಿದರು. ಪೆಡಲ್ ಒತ್ತಿ ಪಿಸ್ಟನ್ ಹೊರತಳ್ಳಿಸಿ, ಕ್ಯಾಲಿಪರನ್ನು ಪೂರ್ತಿ ಕಳಚಿ, ಸೀಲು, ರಬ್ಬರು, ಗಾಳಿ ಬಿಡುವ ನಿಪ್ಪಲ್ ಎಲ್ಲ ತೆಗೆದು, ತಂತಿ ಬ್ರಷ್ಷಿನಲ್ಲಿ ಬಿಳಿಯಾಗುವವರೆಗೆ ಉಜ್ಜಿ, ಥಿನ್ನರಿನಿಂದ ತೊಳೆದು ಪೂರ್ತಿ ಆರಿಸಿದ ಮೇಲೆ 150 ಡಿಗ್ರಿಯ ಸುಮಾರಿಗೆ ಒಂದು ಗಂಟೆ ಇಟ್ಟೆ. ಸ್ವಚ್ಛವಾಗಿದೆಯೆಂದು ನಾನು ಆಣೆ ಇಡಬಹುದಾಗಿದ್ದ ಕಬ್ಬಿಣದ ಮೇಲೆ ಕಂದು ಬಣ್ಣದ ಹನಿಗಳು ಮೂಡಿದ್ದವು. ಒರೆಸುವುದು, ಬೇಯಿಸುವುದು ಮೂರು ಸುತ್ತು ನಡೆದ ಬಳಿಕವೇ ಬಿಳಿಬಟ್ಟೆ ಬಿಳಿಯಾಗಿ ಉಳಿಯಿತು.

ನಡುವೆ ಕ್ಯಾಲಿಪರನ್ನು ಹಿಡಿದಿಡುವ ಬ್ರ್ಯಾಕೆಟ್ಟಿನ ತುಕ್ಕಿಗೆ ಹಿತ್ತಲಿನ ಹುಳಿಕಾಯಿ ಬಿಂಬುಳಿಯನ್ನು ಜಜ್ಜಿ ರಾತ್ರಿಯಿಡೀ ನೆನೆಹಾಕಿ ನೋಡಿದ್ದೂ ಉಂಟು. ತುಕ್ಕು ಸೊಗಸಾಗಿ ಬಿಟ್ಟಿತು, ಆದರೆ ನೀರಿನಲ್ಲಿ ತೊಳೆದು ಕಾಪಿ ಕುಡಿದು ಬರುವಷ್ಟರಲ್ಲಿ ನಮ್ಮ ತೇವದ ಗಾಳಿಗೆ ಮತ್ತೆ ಅರಿಶಿನ ಬಳಿದಂತೆ ತುಕ್ಕು ಹಿಡಿದಿತ್ತು. ತೊಳೆದ ಕೂಡಲೇ ಒಲೆಗೆ ಹಾಕಿದ್ದರೆ ಆಗುತ್ತಿತ್ತೋ ಏನೋ, ಮುಂದಿನ ಬೆಳೆಗೆ ನೋಡಬೇಕು.

ಬಣ್ಣ ಕ್ಯಾಲಿಪರಿನದೇ, 1,100ರ ಡಬ್ಬಿ. ತೆಳ್ಳಗೆ ನಾಲ್ಕು ಕೋಟು ಹೊಡೆದು, ಥಿನ್ನರಿನ ಆವಿ ಒಲೆಯಲ್ಲಿ ಬೆಂಕಿ ಹಿಡಿಯದಂತೆ ಒಂದು ದಿನವಿಡೀ ಹೊರಗೆ ಆರಿಸಿ, ಆಮೇಲೆ ಡಬ್ಬಿಯಲ್ಲಿ ಹೇಳಿದಂತೆ 95 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಬೇಯಿಸಿದೆ. ಮೊದಲ ಕೋಟು ಬೀಳುವಾಗ ಕಬ್ಬಿಣ ಎಷ್ಟು ಬೆಚ್ಚಗಿರಬೇಕು ಎಂಬುದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಎರಡು ಡಬ್ಬಿ ಹಾಳುಮಾಡಿದವರ ಅಂಗೈ ಹಿಂಬದಿಗೆ ಅದು ತಾನಾಗಿ ತಿಳಿಯುತ್ತದೆ. ಪಿಸ್ಟನ್ ಕೂರುವ ಕೊಳವೆ, ಕ್ಯಾಲಿಪರ್ ಜಾರುವ ಪಿನ್ನಿನ ತೂತು, ಪ್ಯಾಡಿನ ಜಾಡು ಇವುಗಳಿಗೆ ಬಣ್ಣದ ಸೋಂಕೂ ಆಗಲು ಬಿಡಲಿಲ್ಲ, ಪಿನ್ನುಗಳಿಗೆ ಸಿಲಿಕೋನ್ ಗ್ರೀಸನ್ನಲ್ಲದೆ ಬೇರೆ ಹಾಕಲಿಲ್ಲ.

ಎರಡೂ ಕಡೆಯ ಸೀಲ್ ಕಿಟ್ಟು, ಹೊಸ ತಾಮ್ರದ ವಾಷರು, ಬ್ರೇಕ್ ಆಯಿಲು ಸೇರಿ ಮೂರನೆಯ ಸಲದ ಖರ್ಚು 2,700ರ ಹತ್ತಿರವಾಯಿತು. ಹಿಂದಿನ ಎರಡು ಸೋಲುಗಳನ್ನೂ ಕೂಡಿಸಿ, ಅಂಗಡಿಗೆ ಕೊಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ನಿನಗೆ ಉಳಿದದ್ದು ಎಂಟುನೂರು ಎಂದು ನಮ್ಮ ಭಾವ ಲೆಕ್ಕ ಹಾಕಿ ತೋರಿಸಿದರು. ಒಲೆ ಇನ್ನೂ ನನ್ನ ಬಳಿಯೇ ಇದೆಯೆಂಬುದನ್ನು ಅವರು ಎಣಿಸಲಿಲ್ಲ.

ಒಂದು ಕುಂದು ಮಾತ್ರ ಉಳಿದಿದೆ. ಬ್ರೇಕಿನೊಳಗಿನ ಗಾಳಿ ಹೊರಬಿಡುವ ಬ್ಲೀಡಿಂಗ್ ಮಾಡುವಾಗ ಎಡಗಡೆಯ ನಿಪ್ಪಲಿನಿಂದ ಸುರಿದ ಬ್ರೇಕ್ ಆಯಿಲನ್ನು ತಕ್ಷಣ ನೀರು ಹೊಯ್ದು ತೊಳೆಯದೆ ಬಟ್ಟೆಯಲ್ಲಿ ಒರೆಸಿ ಬಿಟ್ಟೆ, ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ಮಂಕಾಗಿದೆ. ಡಬ್ಬಿಯಲ್ಲಿ ಇನ್ನೂ ಅರ್ಧ ಬಣ್ಣವಿದೆ, ಡಿಸೆಂಬರಿನ ಒಣಗಾಳಿ ಬಂದ ಮೇಲೆ ಆ ಮಂಕು ಜಾಗವನ್ನೂ ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳನ್ನೂ ಒಟ್ಟಿಗೆ ಮುಗಿಸುವುದೆಂದಿದೆ.